ಅಪ್ಪಯ್ಯನ ತಲೆಯ ಗಡ್ಡೆ: ತೀರ್ಥಹಳ್ಳಿಯಿಂದ ಹೊರಟು ಹತ್ತು ತಿಂಗಳು

ಮೊನ್ನೆ ಆಗಸ್ಟ್ 30ರ ರಾತ್ರಿ ಅಪ್ಪಯ್ಯ ಮಿದುಳಿನ ಕ್ಯಾನ್ಸರಿನ ಔಷಧಿಯ ಆರನೇ ಸುತ್ತಿನ ಕೊನೆಯ ಕ್ಯಾಪ್ಸೂಲ್ ನುಂಗಿದರು. ಅಮ್ಮ ದೇವರ ಮುಂದೆ ದೀಪ ಹಚ್ಚಿ ಬಂದು ಅವರ ಪಕ್ಕದಲ್ಲೇ ಕೂತರು. ಯಾರೂ ಜಾಸ್ತಿ ಮಾತಾಡಲಿಲ್ಲ. ಕಳೆದ ನವೆಂಬರಿನಲ್ಲಿ ಶುರುವಾದ ಓಡಾಟ ಸದ್ಯಕ್ಕೆ ಅಲ್ಲಿಗೆ ನಿಂತಿತು.

ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈ ಹತ್ತು ತಿಂಗಳಲ್ಲಿ ನೂರು ಸಲ ಅನ್ನಿಸಿದೆ. ನಮ್ಮ ಕಡೆಯ ಇನ್ನೊಂದು ಮನೆಯವರು ಇದೇ ಕಾಯಿಲೆಯ ಫೈಲು ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿರಬಹುದು. ಅವರಿಗೋಸ್ಕರ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಟೀಚರ್. ಕಾಯಿಲೆಯ ಬಗ್ಗೆ ಬರೆದದ್ದೆಲ್ಲ ಡಾಕ್ಟರುಗಳನ್ನು ಕೇಳಿ ಕೇಳಿ, ಓದಿ ತಿಳಿದುಕೊಂಡದ್ದು.

ಶುರುವಾದದ್ದು ಒಂದು ಪದದಿಂದ. ಅಂಗಳದಲ್ಲಿ ಅಡಿಕೆ ಬೇಯುತ್ತಿತ್ತು. ಹಂಡೆಯ ಪಕ್ಕ ನಿಂತಿದ್ದ ಅಪ್ಪಯ್ಯ ನನ್ನ ತಮ್ಮನಿಗೆ, "ಆ ಕ್ಯಾನಿನಲ್ಲಿ ಇದ್ಯಲ್ಲ, ಅದು... ಕೆಂಪಗಿರೋದು... ಅದನ್ನ ಸುರಿ" ಅಂದರು. ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಆ ಪದ ಬಾಯಿಗೆ ಬರಲಿಲ್ಲ. ಹದಿನೈದನೇ ವಯಸ್ಸಿನಿಂದ ಅಡಿಕೆ ಬೇಯಿಸಿದ ಮನುಷ್ಯ. ಅವತ್ತು ನಾವು ಅದನ್ನು ಗಮನಕ್ಕೇ ತಗೊಳ್ಳಲಿಲ್ಲ. ಅರವತ್ತೊಂದು ಆಯ್ತು, ನಿದ್ದೆ ಬೇರೆ ಇಲ್ಲ, ಸುಲಿತದ ಸಮಯ ಅಂದುಕೊಂಡೆವು.

ಆಮೇಲೆ ಬೆಳಿಗ್ಗೆ ಎದ್ದ ತಕ್ಷಣ ತಲೆನೋವು. ಜ್ವರ ಇದ್ದಿದ್ದರೆ ಮಂಗನ ಕಾಯಿಲೆ ಅಂತ ಹೆದರಿ ಆವತ್ತೇ ರಕ್ತ ಕೊಡಿಸುತ್ತಿದ್ದೆವು. ಜ್ವರ ಇರಲಿಲ್ಲ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಎರಡು ವಾರ ನೋವಿನ ಮಾತ್ರೆ ಕೊಟ್ಟರು. ನವೆಂಬರ್ ಕೊನೆಯ ವಾರ, ರಾತ್ರಿ ಊಟಕ್ಕೆ ಕೂತಾಗ, ಬಲಗೈ ಅದುರಿ ಫಿಟ್ಸ್ ಬಂತು. ಎರಡು ನಿಮಿಷ ಇರಬಹುದು. ನಮಗೆ ಒಂದು ಗಂಟೆ ಆದ ಹಾಗಿತ್ತು.

ಇದನ್ನು ಓದುವವರಿಗೆ ಇಲ್ಲೇ ಒಂದು ಮಾತು. ಹಿಂದೆ ಇಲ್ಲದ ತಲೆನೋವು ಬೆಳಗಿನ ಜಾವವೇ ಬರುತ್ತಿದ್ದರೆ, ಅದರ ಜೊತೆ ಮಾತು ತಡವರಿಸುತ್ತಿದ್ದರೆ, ನೋವಿನ ಮಾತ್ರೆ ನುಂಗಿಸಿಕೊಂಡು ವಾರ ಕಳೆಯಬೇಡಿ. ತಲೆಯ ಸ್ಕ್ಯಾನ್ ಬೇಕಾ ಅಂತ ನೀವೇ ಕೇಳಿ. ಮೊದಲನೇ ಸಲ ಫಿಟ್ಸ್ ಬಂದವರಿಗಂತೂ ಸ್ಕ್ಯಾನ್ ಆಗಲೇಬೇಕು. ಫಿಟ್ಸ್ ಬಂದಾಗ ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಸಾಕು. ನಮ್ಮ ಮನೆಯಲ್ಲಿ ಅವತ್ತು ಇದು ಯಾರಿಗೂ ಗೊತ್ತಿರಲಿಲ್ಲ.

ಮಾರನೇ ದಿನವೇ ಶಿವಮೊಗ್ಗಕ್ಕೆ ಹೋದೆವು. ಸಿಟಿ ಸ್ಕ್ಯಾನ್ ನೋಡಿ ಎಂಆರ್‌ಐ ಬರೆದುಕೊಟ್ಟರು. ಬಣ್ಣದ ಇಂಜೆಕ್ಷನ್ ಸೇರಿ ಎಂಟು ಸಾವಿರದ ಐನೂರು ಆಯಿತು. ಎಡಗಡೆ ಕಿವಿಯ ಮೇಲ್ಭಾಗಕ್ಕೆ ನಾಲ್ಕು ಸೆಂಟಿಮೀಟರ್ ಗಡ್ಡೆ. ಅಂಚು ಉಂಗುರದ ಹಾಗೆ ಬೆಳ್ಳಗೆ, ನಡುವೆ ಕಪ್ಪು. ಶಿವಮೊಗ್ಗದ ನರರೋಗದ ಡಾಕ್ಟರು ತುಂಬಾ ಸಮಾಧಾನದಿಂದ ಹೇಳಿದರು. ಉಂಗುರದ ಹಾಗೆ ಕಾಣುವುದೆಲ್ಲ ಕ್ಯಾನ್ಸರ್ ಅಲ್ಲವಂತೆ. ನಮ್ಮ ದೇಶದಲ್ಲಿ ಟಿಬಿ ಗಡ್ಡೆಯೂ ಹಾಗೆ ಕಾಣುತ್ತದೆ, ಲಾಡಿಹುಳುವಿನ ಮರಿ ಮಿದುಳಿಗೆ ಹೋಗಿ ಕೂತರೂ ಹಾಗೇ ಕಾಣುತ್ತದೆ. "ಆದರೆ ಇದು ನೋಡಿದರೆ ಕ್ಯಾನ್ಸರ್ ಗಡ್ಡೆಯ ಥರವೇ ಇದೆ. ತುಣುಕು ತೆಗೆದು ಪರೀಕ್ಷೆ ಮಾಡದೆ ಹೆಸರು ಇಡುವುದು ಬೇಡ. ಬೆಂಗಳೂರಿಗೆ ಹೋಗಿ, ತಡ ಮಾಡಬೇಡಿ" ಅಂದರು. ಫಿಟ್ಸ್ ತಡೆಯಲು ಲೆವೆಟಿರಾಸಿಟಾಮ್, ಊತ ಇಳಿಸಲು ಡೆಕ್ಸಾಮೆಥಾಸೋನ್ ಬರೆದುಕೊಟ್ಟರು. ಆ ಎರಡನೇ ಮಾತ್ರೆ ತಗೊಂಡ ಎರಡೇ ದಿನಕ್ಕೆ ತಲೆನೋವು ಹೋಯಿತು, ಮಾತು ಸರಾಗವಾಯಿತು. "ವಾಸಿ ಆಯ್ತಲ್ಲ, ಮತ್ಯಾಕೆ ಬೆಂಗ್ಳೂರು?" ಅಂತ ಅಪ್ಪಯ್ಯ ಹಟ ಹಿಡಿದರು. ಇಳಿದದ್ದು ಊತ ಮಾತ್ರ, ಗಡ್ಡೆ ಇದ್ದಲ್ಲೇ ಇತ್ತು. ಇದೇ ಭರವಸೆಯಲ್ಲಿ ತಿಂಗಳುಗಟ್ಟಲೆ ಮನೆಯಲ್ಲೇ ಉಳಿದುಬಿಟ್ಟವರನ್ನು ಆಮೇಲೆ ವಾರ್ಡಿನಲ್ಲಿ ನೋಡಿದೆ.

ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ಹೊರಟೆವು. ಬೆಳಗಿನ ಜಾವ ಇಳಿದು ಸೀದಾ ಆಸ್ಪತ್ರೆಯ ಸಾಲಿಗೆ ಹೋಗಿ ನಿಂತೆವು. ನಾವು ಹೋದದ್ದು ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ. ಮೊದಲ ದಿನ ಹೊರರೋಗಿ ಚೀಟಿ ಮಾಡಿಸಿ ಡಾಕ್ಟರ್ ಮುಂದೆ ಕೂರುವ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ಅಲ್ಲಿ ಮೊದಲ ಅಡ್ಡಿ ಬಂತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಹಾಕಲು ಆಧಾರ್, ರೇಷನ್ ಕಾರ್ಡ್ ಜೊತೆ ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಾವು ಖಾಸಗಿ ಡಾಕ್ಟರ ಚೀಟಿ ಹಿಡಿದು ಬಂದಿದ್ದೆವು. ತಮ್ಮ ಅದೇ ರಾತ್ರಿ ವಾಪಸ್ ಶಿವಮೊಗ್ಗಕ್ಕೆ ಹೋಗಿ ಪತ್ರ ತಂದ. ಜೊತೆಗೆ ಆಧಾರ್‌ನಲ್ಲಿ ಅಪ್ಪಯ್ಯನ ಹೆಸರಿನ ಕೊನೆಗೆ "ಗೌಡ" ಇತ್ತು, ರೇಷನ್ ಕಾರ್ಡಿನಲ್ಲಿ ಇರಲಿಲ್ಲ. ಅದಕ್ಕೆ ಇನ್ನೊಂದು ದಿನ ಹೋಯಿತು. ನಮ್ಮದು ಎಪಿಎಲ್ ಕಾರ್ಡ್. ಬಿಪಿಎಲ್ ಆಗಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಭಾಗ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ನಾವು ಹೋದಾಗಿನ ನಿಯಮ ಇದು. ಹೊರಡುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯ ಮಿತ್ರರನ್ನು ಒಮ್ಮೆ ಕೇಳಿಕೊಂಡೇ ಹೊರಡಿ. ಅರ್ಧ ಗಂಟೆಯ ಕೆಲಸ. ನಮಗೆ ಅದು ಗೊತ್ತಿಲ್ಲದೆ ಮೂರು ದಿನ ಹಾಳಾಯಿತು.

ಹಾಸಿಗೆ ಸಿಗಲು ಒಂಬತ್ತು ದಿನ ಕಾದೆವು. ಆಸ್ಪತ್ರೆ ಹತ್ತಿರದ ಒಂದು ಮನೆಯಲ್ಲಿ ದಿನಕ್ಕೆ ಆರುನೂರು ರೂಪಾಯಿಯ ರೂಮು. ಒಂದೇ ಮಂಚ. ಅಮ್ಮ ನೆಲದ ಮೇಲೆ, ನಾನು ಅಮ್ಮನ ಪಕ್ಕ. ಡೆಕ್ಸಾ ಮಾತ್ರೆಯಿಂದ ಅಪ್ಪಯ್ಯನಿಗೆ ನಿದ್ದೆ ಇಲ್ಲ, ವಿಪರೀತ ಹಸಿವು, ಶುಗರ್ 280ಕ್ಕೆ ಏರಿತು. ರಾತ್ರಿ ಎರಡು ಗಂಟೆಗೆ ಎದ್ದು ಕೂತು, "ಗೊನೆ ಎಷ್ಟು ಉಳೀತು?" ಅಂತ ತೋಟದ ಲೆಕ್ಕ ಕೇಳುತ್ತಿದ್ದರು. ಸಿಟ್ಟೂ ಜಾಸ್ತಿ ಆಗಿತ್ತು. ಒಂದು ದಿನ ಅಮ್ಮನ ಮೇಲೆ ತಟ್ಟೆ ತಳ್ಳಿಬಿಟ್ಟರು. ಅಮ್ಮ ಸ್ನಾನದ ಮನೆಗೆ ಹೋಗಿ ಅತ್ತರು. ಫಿಟ್ಸ್ ಮಾತ್ರೆಯಿಂದಲೂ ಕೆಲವರಿಗೆ ಸಿಟ್ಟು ಬರುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ದಯವಿಟ್ಟು ಇದನ್ನು ಮನೆಯವರಿಗೆಲ್ಲ ಮೊದಲೇ ಹೇಳಿಡಿ. ಮನುಷ್ಯ ಬದಲಾಗಿಬಿಟ್ಟ ಅಂತ ಅಂದುಕೊಂಡು ನೊಂದುಕೊಳ್ಳುವುದು ತಪ್ಪುತ್ತದೆ.

ಈಗ ಆಪರೇಷನ್ನಿನ ಹಿಂದಿನ ಸಂಜೆಗೆ ಬರುತ್ತೇನೆ. ನನಗೆ ಈ ಇಡೀ ಹತ್ತು ತಿಂಗಳಲ್ಲಿ ತುಂಬಾ ನೆನಪಿರುವುದು ಆ ಸಂಜೆ.

ಆಪರೇಷನ್ ಒಪ್ಪಿಗೆ, ಅರಿವಳಿಕೆಯ ಒಪ್ಪಿಗೆ, ರಕ್ತದ ಒಪ್ಪಿಗೆ ಎಲ್ಲಕ್ಕೂ ಸಹಿ ಹಾಕಿಯಾಗಿತ್ತು. ಕತ್ತಲಾಗುವ ಹೊತ್ತಿಗೆ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ಇನ್ನೊಂದು ಫಾರಂ ಹಿಡಿದು ಬಂದಳು. ಸಂಶೋಧನೆ ಮಾಡುವವಳು. ತೆಗೆದ ಗಡ್ಡೆಯಲ್ಲಿ ಪರೀಕ್ಷೆಗೆ ಬೇಕಾದಷ್ಟು ಕೊಟ್ಟು ಉಳಿದ ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಅಂತ ಕೇಳಿದಳು. ನನಗೆ ಸಿಟ್ಟೇ ಬಂತು. ನಾಳೆ ತಲೆಬುರುಡೆ ತೆರೆಯುತ್ತಾರೆ, ಇವತ್ತು ಬಂದು ಇದನ್ನು ಕೇಳುತ್ತಾಳಲ್ಲ ಅಂತ. ಈಗಲೇ ಯಾಕೆ ಅಂದೆ. "ಮೇಡಂ, ಗಡ್ಡೆ ಹೊರಗೆ ಬಂದ ತಕ್ಷಣ ಫ್ರೀಜ್ ಮಾಡಬೇಕು. ಇಲ್ಲದಿದ್ದರೆ ನಮಗೆ ಬೇಕಾದ ಪ್ರೋಟೀನ್‌ಗಳು ಕೆಟ್ಟುಹೋಗುತ್ತವೆ. ಆಪರೇಷನ್ ಆದ ಮೇಲೆ ಕೇಳಿದರೆ ಆಗುವುದಿಲ್ಲ" ಅಂದಳು. ಯಾವ ಪ್ರೋಟೀನ್ ಅಂತ ಕೇಳಿದೆ. "ಕೋಶದ ಹೊರಗಿನವು" ಅಂದಳು.

ಹದಿಮೂರು ವರ್ಷದಿಂದ ನಾನು ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬಿಡಿಸುತ್ತಿದ್ದೇನೆ. ಕೋಶಕೇಂದ್ರ, ಮೈಟೊಕಾಂಡ್ರಿಯಾ, ಸುತ್ತ ಒಂದು ಗೆರೆ. ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಖಾಲಿ ಜಾಗ ಬಿಡುತ್ತೇನೆ. ಅಲ್ಲಿ ಏನಿದೆ ಅಂತ ಯಾವ ಮಗುವೂ ಕೇಳಿಲ್ಲ, ನಾನೂ ಹೇಳಿಲ್ಲ. ಆ ಹುಡುಗಿ ವಾರ್ಡಿನ ಕಿಟಕಿ ಹತ್ತಿರ ನಿಂತು, ಫಾರಂ ಹಿಂದೆ ಚಿತ್ರ ಬರೆದು, ಆ ಖಾಲಿ ಜಾಗದ ಬಗ್ಗೆಯೇ ಇಪ್ಪತ್ತು ನಿಮಿಷ ಹೇಳಿದಳು.

ಮಿದುಳಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜಾಗ ಕೋಶಗಳ ಹೊರಗೇ ಇದೆಯಂತೆ. ಆದರೆ ಅದು ಖಾಲಿ ಅಲ್ಲ. ಹಯಲುರಾನ್ ಅನ್ನುವ ಉದ್ದನೆಯ ಸಕ್ಕರೆ ಸರಪಳಿ ನೀರು ಹಿಡಿದುಕೊಂಡು ಲೋಳೆಯ ಹಾಗೆ ತುಂಬಿಕೊಂಡಿರುತ್ತದೆ. ಅದಕ್ಕೆ ಬ್ರೆವಿಕನ್, ಟೆನಾಸಿನ್ ಥರದ ಪ್ರೋಟೀನ್‌ಗಳು ಹೆಣೆದುಕೊಂಡು ಒಂದು ಬಲೆ ಆಗುತ್ತದೆ. ಚರ್ಮದಲ್ಲಿ, ಮೂಳೆಯಲ್ಲಿ ಇರುವ ಹಾಗೆ ದಪ್ಪ ಕೊಲಾಜೆನ್ ಎಳೆಗಳು ಮಿದುಳಿನ ಒಳಗೆ ತುಂಬಾ ಕಡಿಮೆ. ಅವು ಇರುವುದು ಹೆಚ್ಚಾಗಿ ರಕ್ತನಾಳಗಳ ಸುತ್ತ. ಅದಕ್ಕೇ ಮಿದುಳು ಅಷ್ಟು ಮೆದು.

ಈ ಜಾತಿಯ ಗಡ್ಡೆಯ ಕೋಶಗಳು ಆ ಬಲೆಯನ್ನು ಹಾಗೇ ಬಿಡುವುದಿಲ್ಲ. ತಮ್ಮ ಮೈಮೇಲಿನ ಸಿಡಿ44 ಅನ್ನುವ ಕೊಕ್ಕೆಯಿಂದ ಹಯಲುರಾನ್ ಹಿಡಿದುಕೊಳ್ಳುತ್ತವೆ. ಎಂಎಂಪಿ-2, ಎಂಎಂಪಿ-9 ಅನ್ನುವ ಕಿಣ್ವಗಳನ್ನು ಹೊರಗೆ ಬಿಟ್ಟು ಮುಂದಿನ ಬಲೆ ಕತ್ತರಿಸುತ್ತವೆ. ಬ್ರೆವಿಕನ್ ತುಂಡಾದರೆ ಕೋಶಗಳ ಓಡಾಟ ಇನ್ನೂ ಜಾಸ್ತಿ ಆಗುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಟೆನಾಸಿನ್-ಸಿ ಅಂತ ಒಂದಿದೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಅದು ಜಾಸ್ತಿ ಇರುತ್ತದೆ, ದೊಡ್ಡವರಲ್ಲಿ ಕಡಿಮೆ ಆಗುತ್ತದೆ, ಗಾಯ ಮಾಯುವಾಗ ಮತ್ತೆ ಕಾಣಿಸುತ್ತದೆ. ಗಡ್ಡೆ ಅದನ್ನು ಮತ್ತೆ ರಾಶಿಗಟ್ಟಲೆ ತಯಾರು ಮಾಡಿಸಿ, ಅದರ ಮೇಲೆ ಕಾಲೂರಿ ಹೋಗುತ್ತದೆ. ಅಂದರೆ ದಾರಿಯಲ್ಲಿದ್ದದ್ದನ್ನು ಕಡಿಯುವುದೂ ಅದೇ, ನಡೆಯಲು ಸಂಕ ಹಾಕಿಕೊಳ್ಳುವುದೂ ಅದೇ. ರಕ್ತನಾಳದ ಗುಂಟ ಹೋಗುತ್ತದೆ, ನರದ ಎಳೆಗಳ ಗುಂಟ ಹೋಗುತ್ತದೆ. ಮಿದುಳಿನ ಹೊರಗೆ, ಶ್ವಾಸಕೋಶಕ್ಕೋ ಲಿವರಿಗೋ ಹೋಗುವುದು ತುಂಬಾ ಅಪರೂಪ. ಮಿದುಳಿನ ಒಳಗೆ ಮಾತ್ರ ಅದಕ್ಕೆ ಎಲ್ಲೆ ಇಲ್ಲ.

ಇದರಿಂದ ನಮ್ಮ ತಂದೆಗೆ ಏನು ಉಪಯೋಗ ಅಂತ ನೇರವಾಗಿ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. "ಅವರಿಗೆ ಏನೂ ಇಲ್ಲ ಮೇಡಂ. ಮುಂದೆ ಬರುವವರಿಗೆ ಆಗಬಹುದು" ಅಂದಳು. ಕೊಡದಿದ್ದರೆ ಚಿಕಿತ್ಸೆಯಲ್ಲಿ ಒಂದು ಚೂರೂ ವ್ಯತ್ಯಾಸ ಆಗುವುದಿಲ್ಲ, ಹಣ ಕೊಡುವುದೂ ಇಲ್ಲ ತಗೊಳ್ಳುವುದೂ ಇಲ್ಲ, ಹೆಸರಿನ ಬದಲು ನಂಬರ್ ಇರುತ್ತದೆ, ಮನಸ್ಸು ಬದಲಾದರೆ ಹಿಂದಕ್ಕೆ ತಗೊಳ್ಳಬಹುದು ಅಂತಲೂ ಹೇಳಿದಳು. ನಿಮಗೂ ಇಂಥ ಫಾರಂ ಬಂದರೆ ಈ ನಾಲ್ಕೂ ಅದರಲ್ಲಿ ಬರೆದಿದೆಯಾ ನೋಡಿ. ಕನ್ನಡದ ಪ್ರತಿ ಕೇಳಿ, ಕೊಡುತ್ತಾರೆ. ನಿಮ್ಹಾನ್ಸ್‌ನಲ್ಲಿ 1995ರಿಂದಲೂ ಮಿದುಳಿನ ಅಂಗಾಂಶ ಜೋಪಾನ ಮಾಡುವ ಬ್ಯಾಂಕ್ ಇದೆ. ನನಗೆ ಅದೂ ಆಮೇಲೆ ತಿಳಿಯಿತು.

ಅಪ್ಪಯ್ಯ ಎಲ್ಲಾ ಕೇಳಿಸಿಕೊಳ್ಳುತ್ತಿದ್ದರು. "ನಾಳೆ ಅದನ್ನ ಕಸಕ್ಕೆ ಹಾಕ್ತಾರಾ?" ಅಂತ ಕೇಳಿದರು. ಉಳಿದರೆ ಹೌದು ಅಂದಳು. "ಹಂಗಾದ್ರೆ ತಗಂಡ್ಹೋಗಿ ಅಮ್ಮಾ" ಅಂದು ಪೆನ್ನು ಈಸಿಕೊಂಡರು. ಬಲಗೈ ಸ್ವಾಧೀನ ಕಡಿಮೆ ಆಗಿತ್ತು. ಸಹಿ ಓರೆ ಬಂತು.

ಡಿಸೆಂಬರ್ 13ರಂದು ಆಪರೇಷನ್. ಮಾತಿನ ಜಾಗ ಪಕ್ಕದಲ್ಲೇ ಇದ್ದದ್ದರಿಂದ ನಡುವೆ ಎಚ್ಚರ ಮಾಡಿಸಿ, ಚಿತ್ರ ತೋರಿಸಿ, ಹೆಸರು ಹೇಳಿಸುತ್ತಾ ಗಡ್ಡೆ ತೆಗೆದರು. ಕೊಡೆ, ಹಸು, ಗಡಿಯಾರ. ಹೆಸರು ತಡವರಿಸಿದ ಕಡೆ ಕೈ ನಿಲ್ಲಿಸುತ್ತಾರಂತೆ. ನೋವು ಗೊತ್ತಾಗಲಿಲ್ಲ ಅಂತ ಅಪ್ಪಯ್ಯ ಹೇಳಿದ್ದಾರೆ. ಮಿದುಳಿಗೇ ನೋವು ತಿಳಿಯುವುದಿಲ್ಲ. ಐದು ಗಂಟೆ ಹೊರಗೆ ಕೂತಿದ್ದ ನಮಗೆ ಗೊತ್ತಾದಷ್ಟು ಅವರಿಗೆ ಗೊತ್ತಾಗಿಲ್ಲ ಅನ್ನುವುದೇ ಸಮಾಧಾನ. ಮಾರನೇ ದಿನದ ಎಂಆರ್‌ಐನಲ್ಲಿ ಬೆಳ್ಳಗೆ ಕಾಣುತ್ತಿದ್ದದ್ದು ಪೂರ್ತಿ ಹೋಗಿತ್ತು. ಅಮ್ಮ ಊರಿಗೆಲ್ಲ ಫೋನ್ ಮಾಡಿ "ಎಲ್ಲಾ ತೆಗ್ದಾರಂತೆ" ಅಂದರು. ನಾನು ಸುಮ್ಮನಿದ್ದೆ. ಫಾರಂ ಹಿಂದಿನ ಚಿತ್ರ ನನ್ನ ಕಣ್ಣ ಮುಂದೆಯೇ ಇತ್ತು.

ರಿಪೋರ್ಟ್ ಬರಲು ಹತ್ತೊಂಬತ್ತು ದಿನ ಬೇಕಾಯಿತು. ಗ್ಲಿಯೋಬ್ಲಾಸ್ಟೋಮಾ, ನಾಲ್ಕನೇ ದರ್ಜೆ, ಐಡಿಎಚ್ ವೈಲ್ಡ್-ಟೈಪ್. ಅಂದರೆ ಮಿದುಳಿನಲ್ಲೇ ಹುಟ್ಟಿ ಜೋರಾಗಿ ಬೆಳೆಯುವ ಕ್ಯಾನ್ಸರ್, ಅದರಲ್ಲಿ ಐಡಿಎಚ್ ಅನ್ನುವ ಜೀನ್ ಬದಲಾಗಿಲ್ಲ. ಅಲ್ಲಿಗೆ ಹೆಸರು ಸಿಕ್ಕಿತು. ನಾನು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಈಗಿನ ಚಿಕಿತ್ಸೆ ಎಲ್ಲೆಡೆ ಬಂದದ್ದು 2005ರ ಒಂದು ದೊಡ್ಡ ಅಧ್ಯಯನದಿಂದ. ಅದರಲ್ಲಿ ರೇಡಿಯೇಷನ್ ಮಾತ್ರ ಪಡೆದವರ ನಡುಮಟ್ಟದ ಆಯಸ್ಸು 12.1 ತಿಂಗಳು, ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಕ್ಯಾನ್ಸರ್ ಕ್ಯಾಪ್ಸೂಲ್ ತಗೊಂಡವರಿಗೆ 14.6 ತಿಂಗಳು. ಎರಡೂವರೆ ತಿಂಗಳ ವ್ಯತ್ಯಾಸವಾ ಅಂತ ಅತ್ತೆ. ಆಮೇಲೆ ಡಾಕ್ಟರು ಅದೇ ಅಧ್ಯಯನದ ಇನ್ನೊಂದು ಸಾಲು ತೋರಿಸಿದರು. ಎರಡು ವರ್ಷ ದಾಟಿದವರು ರೇಡಿಯೇಷನ್ ಮಾತ್ರ ಪಡೆದ ಗುಂಪಿನಲ್ಲಿ ನೂರಕ್ಕೆ ಹತ್ತು, ಕ್ಯಾಪ್ಸೂಲನ್ನೂ ತಗೊಂಡ ಗುಂಪಿನಲ್ಲಿ ನೂರಕ್ಕೆ ಇಪ್ಪತ್ತಾರು. ನಡುಮಟ್ಟ ಅಂದರೆ ಅರ್ಧ ಜನ ಅದನ್ನು ದಾಟಿದ್ದಾರೆ ಅಂತಲೂ ಅರ್ಥ. ಇದನ್ನು ಮಕ್ಕಳಿಗೆ ಗಣಿತದಲ್ಲಿ ಹೇಳಿಕೊಡುತ್ತೇವೆ. ಬಸ್ಸಿನಲ್ಲಿ ಕೂತಾಗ ಹೊಳೆಯಲಿಲ್ಲ.

ರೇಡಿಯೇಷನ್ ಆರು ವಾರ, ವಾರಕ್ಕೆ ಐದು ದಿನ, ಒಟ್ಟು 30 ಸಲ. ಬೆಂಗಳೂರಿನಲ್ಲಿ ಅಷ್ಟು ದಿನ ಇರುವುದು ನಮ್ಮಿಂದ ಆಗುತ್ತಿರಲಿಲ್ಲ. ಆಗುಂಬೆ ಘಾಟಿ ಇಳಿದರೆ ಆಸ್ಪತ್ರೆ ಹತ್ತಿರ, ಸಂಬಂಧಿಕರ ಮನೆಯೂ ಇದೆ. ಅಲ್ಲಿ ಮಾಡಿಸುವುದು ಅಂತ ಆಯಿತು. ನಮಗೆ ಜಾಸ್ತಿ ಕಷ್ಟ ಕೊಟ್ಟ ಅಡ್ಡಿ ಎದುರಾದದ್ದು ಇಲ್ಲಿ.

ಘಟ್ಟದ ಕೆಳಗಿನ ಡಾಕ್ಟರು ಎಂಜಿಎಂಟಿ ಪರೀಕ್ಷೆ ಆಗಿದೆಯಾ ಅಂತ ಕೇಳಿದರು. ಟೆಮೊಜೊಲೊಮೈಡ್ ಎಷ್ಟರ ಮಟ್ಟಿಗೆ ಕೆಲಸ ಮಾಡಬಹುದು ಅಂತ ಅದು ಸೂಚಿಸುತ್ತದೆ. ಆಗಿರಲಿಲ್ಲ. ಹಾಗಾದರೆ ಬ್ಲಾಕ್ ತನ್ನಿ ಅಂದರು. ಬ್ಲಾಕ್ ಅಂದರೆ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ ಇಟ್ಟ ಚಿಕ್ಕ ಬಿಲ್ಲೆ. ಅದು ಬೆಂಗಳೂರಿನಲ್ಲಿತ್ತು. ತಮ್ಮ ಹೋದ. ರೋಗಿಯ ಪತ್ರ ಬೇಕು ಅಂತ ವಾಪಸ್ ಕಳಿಸಿದರು. ಪತ್ರ ತಗೊಂಡು ಹೋದ. ಕೇಳಿದ ಆಸ್ಪತ್ರೆಯ ಪತ್ರವೂ ಬೇಕು ಅಂದರು. ಮೂರನೇ ಸಲ ಹೋದಾಗ ಸಂಬಂಧಪಟ್ಟವರು ರಜೆ. ನಾಲ್ಕನೇ ಸಲ ಸಿಕ್ಕಿತು. ಮೂರೂವರೆ ವಾರ, ಓಡಾಟಕ್ಕೇ ಎಂಟು ಸಾವಿರ ಹೋಯಿತು. ಪರೀಕ್ಷೆಗೆ ಬೇರೆ ಹಣ.

ಹಾಗಾಗಿ ಡಿಸ್ಚಾರ್ಜ್ ಆಗುವ ದಿನವೇ ಕೇಳಿ. ಯಾವ ಯಾವ ಪರೀಕ್ಷೆ ಇಲ್ಲೇ ಆಗುತ್ತದೆ, ಎಂಜಿಎಂಟಿ ಸೇರಿದೆಯಾ, ಬ್ಲಾಕ್ ಬೇಕಾದರೆ ಯಾರ ಸಹಿ ಬೇಕು, ಯಾವ ಕೋಣೆಗೆ ಹೋಗಬೇಕು. ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಂಆರ್‌ಐ ಫಿಲಂ ಜೊತೆ ಸಿಡಿಯನ್ನೂ ತಗೊಳ್ಳಿ. ರೇಡಿಯೇಷನ್ ಪ್ಲಾನ್ ಮಾಡುವವರಿಗೆ ಸಿಡಿಯೇ ಬೇಕು. ಬ್ಲಾಕನ್ನು ಬಿಸಿಲಿನಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಅದು ಮೇಣ. ಇನ್ನೊಂದು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ, ಮೂರನೇ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಾರರಿಗೂ ಮುಕ್ಕಾಲು ಭಾಗ ಇದೆ. ಆಸ್ಪತ್ರೆಯವರು ಫಾರಂ ತುಂಬಿಕೊಡುತ್ತಾರೆ. ನಮಗೆ ಇದು ಗೊತ್ತಾಗುವಷ್ಟರಲ್ಲಿ ರೈಲಿನ ಓಡಾಟವೇ ಮುಗಿದಿತ್ತು.

ರೇಡಿಯೇಷನ್ ಮಾತ್ರ ಬ್ಲಾಕಿಗಾಗಿ ಕಾಯಲಿಲ್ಲ, ಜನವರಿ 20ಕ್ಕೆ ಶುರು ಮಾಡಿಬಿಟ್ಟರು. ಮೊದಲು ಮುಖಕ್ಕೆ ಬಿಸಿ ಪ್ಲಾಸ್ಟಿಕ್ ಜಾಲರಿ ಒತ್ತಿ ಮಾಸ್ಕ್ ಮಾಡುತ್ತಾರೆ. ಅದನ್ನು ಮೇಜಿಗೆ ಸಿಕ್ಕಿಸಿದರೆ ತಲೆ ಅಲುಗುವುದಿಲ್ಲ. ಒಳಗೆ ಹತ್ತು ಹದಿನೈದು ನಿಮಿಷ. ಜೊತೆಗೆ ಪ್ರತಿದಿನ ಖಾಲಿ ಹೊಟ್ಟೆಯಲ್ಲಿ ಟೆಮೊಜೊಲೊಮೈಡ್, ಅದಕ್ಕೆ ಮೊದಲು ವಾಂತಿ ತಡೆಯುವ ಮಾತ್ರೆ. ಕ್ಯಾಪ್ಸೂಲ್ ಬಿಚ್ಚಬಾರದು, ಅಗಿಯಬಾರದು. ವಾಂತಿ ಆದರೂ ಅವತ್ತು ಇನ್ನೊಂದು ಕೊಡಬಾರದು. ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಮೂರನೇ ವಾರಕ್ಕೆ ಎಡಗಡೆ ಕೂದಲು ಉದುರಿತು. ಡೆಕ್ಸಾವನ್ನು ಅಲ್ಲಿಂದ ನಿಧಾನವಾಗಿ ಕಡಿಮೆ ಮಾಡುತ್ತಾ ಬಂದರು. ಅದನ್ನು ನಾವೇ ಒಮ್ಮೆಲೇ ನಿಲ್ಲಿಸಬಾರದು.

ಹತ್ತನೇ ದಿನವೋ ಏನೋ, ಮಾಸ್ಕ್ ತೆಗೆದ ಮೇಲೆ ಕೆನ್ನೆ ತುಂಬಾ ಜಾಲರಿಯ ಗುರುತು ಹೊತ್ತು ಹೊರಗೆ ಬಂದ ಅಪ್ಪಯ್ಯ ಕೇಳಿದರು. "ಪುಟ್ಟಿ, ಎಲ್ಲಾ ತೆಗ್ದಾರೆ ಅಂದ್ರಲ್ಲ. ಮತ್ಯಾಕೆ ಇದು?"

ಈ ಪ್ರಶ್ನೆ ಬರುತ್ತದೆ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ಒಂದು ವಾರ ಜಗಳವೇ ಆಗಿತ್ತು. ಹೇಳಬಾರದು ಅಂತ ಅಮ್ಮ, ದೊಡ್ಡಪ್ಪ. ಹೇಳಬೇಕು ಅಂತ ನಾನು. ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದಿದ್ದಾರೆ, ಕಾಣದ್ದು ಉಳಿದಿರುತ್ತದೆ ಅಂದೆ. ಅಂಚಿನಿಂದ ಒಂದೊಂದೇ ಕೋಶ ಆ ಬಲೆಯೊಳಗೆ ನುಸುಳಿ ಹೋಗಿರುತ್ತದೆ, ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಮತ್ತೆ ಬರುವುದಾದರೆ ಬಹುತೇಕ ಎರಡು ಸೆಂಟಿಮೀಟರ್ ಒಳಗೇ ಬರುತ್ತದೆ, ಅದಕ್ಕೇ ಅಷ್ಟು ಅಗಲಕ್ಕೆ ಕಿರಣ ಬಿಡುತ್ತಾರೆ ಅಂದೆ. ಇನ್ನೂ ಸ್ವಲ್ಪ ಅಗಲ ಕೊಯ್ದುಬಿಟ್ಟರೆ ಆಗಲ್ವಾ ಅಂತ ಕೇಳಿದರು. ನಾನೂ ಡಾಕ್ಟರಿಗೆ ಅದನ್ನೇ ಕೇಳಿದ್ದೆ. 1928ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಅನ್ನುವ ಸರ್ಜನ್, ಇಂಥ ಗಡ್ಡೆ ಇದ್ದವರಲ್ಲಿ ಮಿದುಳಿನ ಬಲಗಡೆಯ ಅರ್ಧವನ್ನೇ ತೆಗೆದು ನೋಡಿದ್ದರಂತೆ. ಆಗಲೂ ಗಡ್ಡೆ ಇನ್ನೊಂದು ಬದಿಯಲ್ಲಿ ಬಂತು. ಅದನ್ನು ಹೇಳಿದೆ.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಗರಿಕೆ ಕಿತ್ತಂಗೆ" ಅಂದರು. "ಕಿತ್ತ ಜಾಗ ಚೊಕ್ಕ ಕಾಣ್ತದೆ. ಬಳ್ಳಿ ಮಣ್ಣಲ್ಲಿ ಎಲ್ಲಿಗೆ ಹೋಗಿರ್ತದೆ ಯಾರಿಗೆ ಗೊತ್ತು." ಅದಾದ ಮೇಲೆ ಉಳಿದ ಇಪ್ಪತ್ತು ದಿನ ಒಂದು ಸಲವೂ ತಕರಾರು ಮಾಡದೆ ಮಾಸ್ಕಿನ ಕೆಳಗೆ ಮಲಗಿದರು. ಹೇಳಿದ್ದು ಸರಿಯಾಯಿತು ಅಂತ ಅಮ್ಮನೂ ಆಮೇಲೆ ಒಪ್ಪಿದರು. ಎಲ್ಲ ಮನೆಗೂ ಇದೇ ಸರಿ ಅಂತ ನಾನು ಹೇಳಲಾರೆ. ಆದರೆ ಅವರು ಕೇಳಿದರೆ ನಿಜ ಹೇಳಿ.

ಮಾರ್ಚ್ ಕೊನೆಗೆ ಎಂಆರ್‌ಐ ಶಿವಮೊಗ್ಗದಲ್ಲಿ ಮಾಡಿಸಿದೆವು. ಬಿಳಿ ಭಾಗ ಮತ್ತೆ ಕಾಣಿಸಿತು, ಮರುಕಳಿಸಿರಬಹುದು ಅಂತ ರಿಪೋರ್ಟಿನಲ್ಲಿ ಬರೆದಿತ್ತು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನೆಂಟರು ಒಬ್ಬೊಬ್ಬರು ಒಂದೊಂದು ಹೇಳಿದರು. ಮರದ ಚಕ್ಕೆಯ ಕಷಾಯ ಕೊಡಿ, ಇಂಗ್ಲಿಷ್ ಔಷಧಿ ನಿಲ್ಲಿಸಿ ಅಂದರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಈ ಮಾತ್ರೆಗಳ ಜೊತೆ ಯಾವ ಕಷಾಯ ಲಿವರಿಗೆ, ರಕ್ತಕಣಕ್ಕೆ ಏನು ಮಾಡುತ್ತದೆ ಅಂತ ಗೊತ್ತಿಲ್ಲದೆ ಕೊಡುವ ಧೈರ್ಯ ನನಗೆ ಬರಲಿಲ್ಲ. ಘಟ್ಟದ ಕೆಳಗಿನ ಡಾಕ್ಟರು ಸಿಡಿ ನೋಡಿ, ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಚಿಕಿತ್ಸೆಯ ಊತವೇ ಗಡ್ಡೆಯ ಹಾಗೆ ಕಾಣಬಹುದು, ಮಾತ್ರೆ ಮುಂದುವರಿಸಿ ಎರಡು ತಿಂಗಳು ಬಿಟ್ಟು ನೋಡೋಣ ಅಂದರು. ಆ ಎರಡು ತಿಂಗಳು ಹೇಗೆ ಕಳೆದೆವೋ. ಜೂನ್ ಮೊದಲ ವಾರದ ಸ್ಕ್ಯಾನಿನಲ್ಲಿ ಅದು ಚಿಕ್ಕದಾಗಿತ್ತು. ಡಾಕ್ಟರು ಹೇಳುವ ಮೊದಲು ರಿಪೋರ್ಟಿನ ಕೊನೆಯ ಸಾಲು ಓದಿ ಕುಸಿಯಬೇಡಿ. ಹಳೆಯ ಎಲ್ಲಾ ಸಿಡಿಗಳನ್ನು ಜೊತೆಗಿಟ್ಟು, ರೇಡಿಯೇಷನ್ ಕೊಟ್ಟವರಿಗೇ ತೋರಿಸಿ.

ಅದೇ ಸಮಯದಲ್ಲಿ ನಾನು ಆ ಹೊರಗಿನ ಪ್ರೋಟೀನ್‌ಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಕತ್ತರಿಸುವ ಕಿಣ್ವ ತಡೆದರೆ ಗಡ್ಡೆ ಹರಡುವುದು ನಿಲ್ಲಬೇಕಲ್ವಾ? ಅದನ್ನೂ ಮಾಡಿ ನೋಡಿದ್ದಾರೆ. ಮಾರಿಮಾಸ್ಟಾಟ್ ಅನ್ನುವ ಮಾತ್ರೆ ಎಂಎಂಪಿಗಳನ್ನು ತಡೆಯುತ್ತದೆ, ಆದರೆ ರೋಗಿಗಳ ಆಯಸ್ಸು ಜಾಸ್ತಿ ಆಗಲಿಲ್ಲ. ಹೊರಗಿನ ಬಲೆಗೆ ಕೋಶ ಅಂಟಿಕೊಳ್ಳುವ ಇಂಟೆಗ್ರಿನ್ ಅನ್ನು ತಡೆಯಲು ಸಿಲೆಂಗಿಟೈಡ್ ಬಂತು. 545 ರೋಗಿಗಳ ಅಧ್ಯಯನದ ಫಲಿತಾಂಶ 2014ರಲ್ಲಿ ಬಂತು, ಅದರಲ್ಲೂ ಲಾಭ ಕಾಣಲಿಲ್ಲ. ಒಂದು ದಾರಿ ಮುಚ್ಚಿದರೆ ಈ ಕೋಶಗಳಿಗೆ ಇನ್ನೊಂದು ದಾರಿ ಇದೆ. ಓದಿ ಬೇಜಾರಾಯಿತು. ಹಾಗೇ, ಆ ಹುಡುಗಿಯ ಕೆಲಸ ಯಾಕೆ ನಡೆಯಬೇಕು ಅಂತಲೂ ಅರ್ಥವಾಯಿತು. ಓರೆ ಸಹಿಯ ಆ ಫಾರಂ ನಕಲು ನನ್ನ ಫೈಲಿನಲ್ಲಿದೆ. ಅಪ್ಪಯ್ಯನ ಗಡ್ಡೆಯ ಚೂರು ಎಲ್ಲೋ ಮೈನಸ್ 80 ಡಿಗ್ರಿಯಲ್ಲಿ ಇರಬಹುದು.

ಏಪ್ರಿಲ್‌ನಿಂದ ತಿಂಗಳಿಗೆ ಐದು ದಿನ ಕ್ಯಾಪ್ಸೂಲ್, ಇಪ್ಪತ್ತೆಂಟು ದಿನಕ್ಕೊಂದು ಸುತ್ತು. ಎಂಜಿಎಂಟಿ ಮಿಥೈಲೇಟೆಡ್ ಅಂತ ಬಂದಿತ್ತು, ಅಂದರೆ ಔಷಧಿ ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಮೂರನೇ ಸುತ್ತಿನ ಮೊದಲು ಪ್ಲೇಟ್‌ಲೆಟ್ 82 ಸಾವಿರಕ್ಕೆ ಇಳಿಯಿತು. ಒಂದು ಲಕ್ಷ ದಾಟುವ ತನಕ ಶುರು ಮಾಡಲ್ಲ ಅಂದರು. ಒಂದು ವಾರ ತಡವಾಯಿತು. ಜುಲೈನಲ್ಲಿ ಮಳೆ ಜೋರಾಗಿ ಘಾಟಿಯಲ್ಲಿ ಮರ ಬಿದ್ದು, ಡಾಕ್ಟರ್ ದಿನಾಂಕ ತಪ್ಪಿತು. ಮಳೆಗಾಲದಲ್ಲಿ ಚಿಕಿತ್ಸೆ ಇರುವವರು ಹತ್ತು ದಿನದ ಮಾತ್ರೆ, ಅದರಲ್ಲೂ ಫಿಟ್ಸ್ ಮಾತ್ರೆ, ಮನೆಯಲ್ಲಿ ಜಾಸ್ತಿ ಇಟ್ಟುಕೊಳ್ಳಿ. ರಕ್ತ ಪರೀಕ್ಷೆ ತೀರ್ಥಹಳ್ಳಿಯಲ್ಲೇ ಮಾಡಿಸಿ ಫೋಟೊ ಕಳಿಸಿದರೆ ನಮ್ಮ ಡಾಕ್ಟರು ಒಪ್ಪುತ್ತಿದ್ದರು.

ಇಲ್ಲಿಯವರೆಗೆ ಕೈಯಿಂದ ಹೋದದ್ದು ನಾಲ್ಕು ಲಕ್ಷದ ಎಪ್ಪತ್ತು ಸಾವಿರ. ಅದರಲ್ಲಿ ಒಂದು ಲಕ್ಷದಷ್ಟು ರೂಮು, ಊಟ, ಓಡಾಟವೇ. ಹೋದ ವರ್ಷದ ಅಡಿಕೆ ಪೂರ್ತಿ ಅದಕ್ಕೇ ಹೋಯಿತು. ಚಿನ್ನ ಅಡ ಇಡಬೇಕಾಗಲಿಲ್ಲ, ಅಷ್ಟು ಪುಣ್ಯ.

ಮುಂದಿನ ಎಂಆರ್‌ಐ ಸೆಪ್ಟೆಂಬರ್ 24ಕ್ಕೆ. ಬಲಗೈಗೆ ವ್ಯಾಯಾಮ ನಡೆದಿದೆ. ವಾರಕ್ಕೊಮ್ಮೆ ಮಾತಿನ ಥೆರಪಿ. ಪದ ಸಿಗದೆ ಅವರು ತಡವರಿಸಿದಾಗ ನಾವು ಬಾಯಿ ಹಾಕಿ ಹೇಳಿಬಿಡಬಾರದು, ಕಾಯಬೇಕು ಅಂತ ಥೆರಪಿಯವರು ಹೇಳಿದ್ದಾರೆ. ಮನೆಯವರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ.

ನಿನ್ನೆ ಸಂಜೆ ಮಳೆ ಬಿಟ್ಟಿತ್ತು. ಜಗಲಿಯಲ್ಲಿ ಕೂತು ತೋಟದ ಕಡೆ ನೋಡುತ್ತಿದ್ದರು. ಇನ್ನು ಸ್ವಲ್ಪ ದಿನಕ್ಕೆ ಕೊಯ್ಲು. "ಪುಟ್ಟಿ, ಹೋದ ವರ್ಷದ್ದು... ಅದು... ಕ್ಯಾನಿನಲ್ಲಿ ಎತ್ತಿಟ್ಟಿದ್ದಿಯಾ?" ಅಂದರು. ಯಾವುದು ಅಪ್ಪಯ್ಯ ಅಂತ ಕೇಳಿದೆ. ಕೈ ಆಡಿಸಿದರು. ತುಟಿ ಅಲುಗಿತು. ನಾನು ಹೇಳಿಕೊಡಲಿಲ್ಲ. ಮಾಡಿನ ನೀರು ತೊಟ್ಟಿಕ್ಕುತ್ತಿತ್ತು. ತುಂಬಾ ಹೊತ್ತು ಕಾದೆ.

"ಇದೆ ಅಪ್ಪಯ್ಯ," ಅಂದೆ ಆಮೇಲೆ. "ಎರಡು ಕ್ಯಾನ್ ಇದೆ."